ಮೂವತ್ತೆಂಟು ಗುಂಡಿ, ಒಂದು ನಾಣ್ಯ: ಮೆಟಲ್ ಡಿಟೆಕ್ಟರ್ ಹಿಡಿದು ಕಲಿತದ್ದು

ನನ್ನ ಹತ್ತಿರ ಒಂದು ಮಣ್ಣು ಮೆತ್ತಿದ ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: "ಗುಂಡಿ 38. ಬಾಟಲಿ ಮುಚ್ಚಳ 17, ಮೊಳೆ 9, ಅಲ್ಯೂಮಿನಿಯಂ ಹಾಳೆ ಚೂರು 6, ತಂತಿ 3, ಕ್ಯಾನ್ ತುಂಡು 2, ನಾಣ್ಯ 1." ಆ ಒಂದು ನಾಣ್ಯವೂ ಹಳೆಯದೇನಲ್ಲ, ಹಿಂದಿನ ವಾರ ಯಾರದೋ ಜೇಬಿನಿಂದ ಬಿದ್ದಿರಬೇಕು. ಎರಡು ದಿನ ಬೆನ್ನು ನೋವು. ಮೆಷಿನ್ ಸರಿ ಇಲ್ಲ ಅಂತ ಬೈದುಕೊಂಡೆ.

ಮೆಷಿನ್ ಸರಿಯಾಗಿಯೇ ಇತ್ತು. ಅದು ಏನು ಹೇಳುತ್ತಿದೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ನಾಲ್ಕು ವರ್ಷ ಆಯಿತು, ಈಗಲೂ ಪೂರ್ತಿ ಗೊತ್ತಾಗುವುದಿಲ್ಲ. ಗೊತ್ತಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಊಹೆ, ಆಮೇಲೆ ಗುದ್ದಲಿ

ಹೊಸದಾಗಿ ಡಿಟೆಕ್ಟರ್ ತಂದವರಿಗೆ ನಾನು ಹೇಳುವುದು ಒಂದೇ: ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಐದು ಕಾಲಂ ಎಳೆಯಿರಿ. ಸದ್ದು ಹೇಗಿತ್ತು, ಪರದೆಯಲ್ಲಿ ಯಾವ ನಂಬರ್ ಬಂತು, ನನ್ನ ಊಹೆ ಏನು, ಎಷ್ಟು ಆಳ, ನಿಜವಾಗಿ ಸಿಕ್ಕಿದ್ದೇನು. ಊಹೆಯನ್ನು ಅಗೆಯುವ ಮೊದಲೇ ಬರೆಯಬೇಕು. ಅಗೆದ ಮೇಲೆ "ನನಗೆ ಗೊತ್ತಿತ್ತು" ಅಂತ ಎಲ್ಲರೂ ಹೇಳುತ್ತಾರೆ.

ಮೊದಲ ಇನ್ನೂರು ಸಿಗ್ನಲ್‌ಗಳಿಗೆ ಇನ್ನೊಂದು ನಿಯಮ: ಎಲ್ಲವನ್ನೂ ಅಗೆಯಿರಿ. ಕಸ ಅಂತ ಅನ್ನಿಸಿದರೂ ಅಗೆಯಿರಿ. ಬಾಟಲಿ ಮುಚ್ಚಳ ಹೇಗೆ ಕೂಗುತ್ತದೆ ಅಂತ ಕಿವಿಗೆ ಗೊತ್ತಾಗುವುದು ಮುಚ್ಚಳ ಅಗೆದಾಗಲೇ. ನನ್ನ ಊಹೆ ಮೊದಲ ತಿಂಗಳಲ್ಲಿ ಹತ್ತಕ್ಕೆ ಎರಡು ಸರಿಯಾಗುತ್ತಿತ್ತು. ಈಗ ಹತ್ತಕ್ಕೆ ಆರು. ಉಳಿದ ನಾಲ್ಕರಲ್ಲೇ ಮಜಾ ಇರುವುದು, ಅಲ್ವಾ?

ನಂಬರ್ ಯಾಕೆ ಮೋಸ ಮಾಡುತ್ತದೆ ಅಂತ ತಿಳಿದುಕೊಂಡರೆ ಸಿಟ್ಟು ಕಡಿಮೆಯಾಗುತ್ತದೆ. ನೆಲದ ಮೇಲೆ ಬೀಸುವ ಆ ತಟ್ಟೆಗೆ ಕಾಯಿಲ್ ಅಂತಾರೆ. ಸಾಮಾನ್ಯ ಮೆಷಿನ್‌ಗಳಲ್ಲಿ ಅದರೊಳಗೆ ಎರಡು ತಂತಿ ಸುರುಳಿಗಳಿರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಕೆಳಗೆ ಲೋಹ ಇದ್ದರೆ ಅದರೊಳಗೆ ಸಣ್ಣ ಸಣ್ಣ ಸುಳಿಯಂತೆ ಕರೆಂಟ್ ಹರಿಯುತ್ತದೆ. ಆ ಕರೆಂಟ್ ತನ್ನದೇ ಒಂದು ಕ್ಷೇತ್ರ ಹುಟ್ಟಿಸುತ್ತದೆ. ಎರಡನೇ ಸುರುಳಿ ಅದನ್ನು ಹಿಡಿಯುತ್ತದೆ. ಕಳಿಸಿದ್ದಕ್ಕೂ ಬಂದದ್ದಕ್ಕೂ ನಡುವೆ ಎಷ್ಟು ತಡವಾಯಿತು ಅನ್ನುವುದರ ಮೇಲೆ ಪರದೆಯ ನಂಬರ್ ಬರುತ್ತದೆ. ಆ ತಡ ಲೋಹ ಯಾವುದು ಅನ್ನುವುದರ ಮೇಲೆ ನಿಂತಿದೆ, ಜೊತೆಗೆ ಅದರ ಗಾತ್ರ, ದಪ್ಪ, ಆಕಾರ, ಮಲಗಿದ ರೀತಿ ಎಲ್ಲದರ ಮೇಲೂ ನಿಂತಿದೆ. ಹಾಗಾಗಿ ತೆಳ್ಳಗಿನ ಚಿನ್ನದ ಉಂಗುರವೂ, ಪಾನೀಯದ ಕ್ಯಾನ್ ಮೇಲಿನ ಎಳೆಯುವ ಕೊಂಡಿಯೂ ಒಂದೇ ನಂಬರ್ ತೋರಿಸುವುದು ಮಾಮೂಲು. ಕೊಂಡಿ ಅಗೆಯುವುದು ಬೇಜಾರು ಅಂತ ಆ ನಂಬರ್ ಬಿಟ್ಟವನು ಉಂಗುರವನ್ನೂ ಬಿಡುತ್ತಾನೆ. ಹೀಗೆ ಬಿಟ್ಟದ್ದು ಎಷ್ಟೋ, ಯಾರಿಗೂ ಲೆಕ್ಕ ಸಿಗುವುದಿಲ್ಲ.

ನನ್ನ ಕಾಲನ್ನೇ ಹುಡುಕಿದ ದಿನ

ಎರಡನೇ ವಾರ ಒಂದು ಬಯಲಿನಲ್ಲಿ ಅರ್ಧ ಗಂಟೆ ಹುಚ್ಚನಂತೆ ಅಗೆದೆ. ಬಲಕ್ಕೆ ಬೀಸಿದಾಗಲೆಲ್ಲ ಜೋರು ಸದ್ದು. ಅಗೆದರೆ ಏನೂ ಇಲ್ಲ. ಒಂದು ಹೆಜ್ಜೆ ಮುಂದೆ ಹೋದರೆ ಮತ್ತೆ ಅದೇ ಸದ್ದು. ಕೊನೆಗೆ ಗೊತ್ತಾಯಿತು, ನಾನು ಹಾಕಿಕೊಂಡಿದ್ದು ಬೆರಳ ಮೇಲೆ ಕಬ್ಬಿಣದ ಟೊಪ್ಪಿ ಇರುವ ಕೆಲಸದ ಬೂಟು. ನಾನು ನನ್ನ ಬಲಗಾಲನ್ನೇ ಹುಡುಕುತ್ತಿದ್ದೆ.

ಆಮೇಲೆ ಓದಿ ತಿಳಿದದ್ದು, ಈ ಎಡವಟ್ಟಿಗೆ ದೊಡ್ಡ ಇತಿಹಾಸವೇ ಇದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡು ಬಿತ್ತು. ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಯಂತ್ರ ತಂದ. ಇವತ್ತಿನ ಡಿಟೆಕ್ಟರ್‌ಗಳ ಅಜ್ಜ ಅದು. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಲೋಹದ ಸ್ಪ್ರಿಂಗ್‌ಗಳಿದ್ದು, ಸದ್ದು ಗೊಂದಲವಾಯಿತು. ಸಾಲದ್ದಕ್ಕೆ ಡಾಕ್ಟರ್ ಬಲಗಡೆ ಮಾತ್ರ ಹುಡುಕಲು ಬಿಟ್ಟಿದ್ದರು. ಆ ಸೆಪ್ಟೆಂಬರ್‌ನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಎಡಗಡೆ ಸಿಕ್ಕಿತು.

ಹಾಗಾಗಿ ಹೊರಡುವ ಮುಂಚೆ ನಿಮ್ಮ ಮೈ ನೋಡಿಕೊಳ್ಳಿ. ಬೂಟು, ಬೆಲ್ಟ್ ಬಕಲ್, ನೆಲದ ಮೇಲಿಟ್ಟ ಗುದ್ದಲಿ. ಬಗ್ಗಿದಾಗ ಉಂಗುರ ಹಾಕಿದ ಕೈಯಿಂದ ಮಣ್ಣು ಕೆದಕಿದರೂ ಪಿನ್‌ಪಾಯಿಂಟರ್ (ಗುಂಡಿಯೊಳಗೆ ವಸ್ತು ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್) ಕೂಗುತ್ತದೆ. ಮೊಬೈಲ್ ಫೋನನ್ನು ಕಾಯಿಲ್‌ನಿಂದ ದೂರ ಇಡಿ. ವಿದ್ಯುತ್ ತಂತಿ ಕೆಳಗೆ ನಿಂತರೂ, ಪಕ್ಕದಲ್ಲಿ ಇನ್ನೊಬ್ಬರು ಡಿಟೆಕ್ಟರ್ ಬೀಸುತ್ತಿದ್ದರೂ ಮೆಷಿನ್ ಸುಮ್‌ಸುಮ್ನೆ ಚಿಲಿಪಿಲಿ ಅನ್ನುತ್ತದೆ.

ಚಿಲಿಪಿಲಿ ಬಂದರೆ ಸೆನ್ಸಿಟಿವಿಟಿ, ಅಂದರೆ ಎಷ್ಟು ಸಣ್ಣ ಸಿಗ್ನಲ್‌ಗೂ ಮೆಷಿನ್ ಕೂಗಬೇಕು ಅನ್ನುವ ಮಟ್ಟವನ್ನು, ಇಳಿಸಿ. ಇದನ್ನು ನಾನು ಒಂದು ವರ್ಷ ಮಾಡಲಿಲ್ಲ. ಇಳಿಸಿದರೆ ಆಳ ಕಡಿಮೆಯಾಗುತ್ತದಲ್ಲ ಅನ್ನೋ ಆಸೆ. ಆದರೆ ಗಲಾಟೆಯಲ್ಲಿ ಆಳದ ಸಣ್ಣ ಸದ್ದು ಹೇಗೂ ಕೇಳುವುದಿಲ್ಲ. ಮೆಷಿನ್ ಮೌನವಾಗುವವರೆಗೆ ಇಳಿಸಿ, ಹೆಡ್‌ಫೋನ್ ಹಾಕಿಕೊಳ್ಳಿ, ಆಗ ಪಿಸುಮಾತೂ ಕೇಳುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಮರೆಯಬೇಡಿ. ಮಣ್ಣಿನಲ್ಲೇ ಕಬ್ಬಿಣದ ಅಂಶ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಮೆಷಿನ್‌ಗೆ ಹೇಳುವ ಕ್ರಮ ಅದು. ಲೋಹ ಇಲ್ಲದ ಜಾಗ ನೋಡಿ ಕಾಯಿಲ್ ಅನ್ನು ಮೇಲೆ ಕೆಳಗೆ ಆಡಿಸಿ, ಸದ್ದು ನಿಲ್ಲುವವರೆಗೆ. ಮಣ್ಣು ಬದಲಾದಾಗ ಮತ್ತೆ ಮಾಡಿ. ಕಡಲ ತೀರದ ಒದ್ದೆ ಮರಳಿನಲ್ಲಿ ಉಪ್ಪು ನೀರೇ ಕರೆಂಟ್ ಹರಿಸುತ್ತದೆ. ಒಂದೇ ಆವರ್ತನದ ಮೆಷಿನ್ ಅಲ್ಲಿ ಒದ್ದಾಡುತ್ತದೆ. ಹಲವು ಆವರ್ತನದ್ದು ಅಥವಾ ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಕಳಿಸುವ ಪಲ್ಸ್ ಇಂಡಕ್ಷನ್ ಮೆಷಿನ್ ಇದ್ದರೆ ವಾಸಿ.

ನಿಧಾನ, ಇನ್ನೂ ನಿಧಾನ

ಮೂರು ಮೀಟರ್ ಆಳದ ನಾಣ್ಯ ಹುಡುಕುತ್ತೆ ಅನ್ನೋ ಜಾಹೀರಾತು ಕಂಡರೆ ಪುಟ ತಿರುಗಿಸಿಬಿಡಿ. ಸಣ್ಣ ವಸ್ತುವೊಂದು ಕಾಯಿಲ್‌ನಿಂದ ಸ್ವಲ್ಪ ದೂರವಾದ ಮೇಲೆ, ದೂರ ಎರಡು ಪಟ್ಟಾದರೆ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೋಗುವಾಗಲೂ ಬರುವಾಗಲೂ ಕ್ಷೇತ್ರ ಸವೆಯುವುದರಿಂದ ಹೀಗೆ. ಮಾಮೂಲಿ 28 ಸೆಂಟಿಮೀಟರ್ ಅಗಲದ ಕಾಯಿಲ್‌ನಲ್ಲಿ ನಾಣ್ಯ 20 ಸೆಂಟಿಮೀಟರ್ ಆಳದಲ್ಲಿ ಸಿಕ್ಕರೆ ಖುಷಿಪಡಬೇಕು. ನನ್ನ ನೋಟ್‌ಬುಕ್‌ನಲ್ಲಿ ಬಹುಪಾಲು ನಾಣ್ಯಗಳ ಆಳ 12ಕ್ಕಿಂತ ಕಡಿಮೆ.

ಇದರಿಂದ ಒಂದು ಮಾತು ಹೊರಡುತ್ತದೆ. ಕಾಯಿಲ್ ಅನ್ನು ನೆಲದಿಂದ ಐದು ಸೆಂಟಿಮೀಟರ್ ಎತ್ತಿ ಬೀಸಿದರೆ ಆ ಐದೂ ನಷ್ಟ. ಹೊಸಬರು ಗಡಿಯಾರದ ಲೋಲಕದ ಹಾಗೆ ಬೀಸುತ್ತಾರೆ. ಎರಡೂ ತುದಿಯಲ್ಲಿ ಕಾಯಿಲ್ ಮೇಲೇಳುತ್ತದೆ. ಹುಲ್ಲಿಗೆ ತಾಗುವಷ್ಟು ಕೆಳಗೆ, ನೆಲಕ್ಕೆ ಸಮವಾಗಿ, ಕಸ ಗುಡಿಸುವ ಹಾಗೆ ಬೀಸಬೇಕು. ಪ್ರತಿ ಬೀಸು ಹಿಂದಿನದರ ಅರ್ಧದ ಮೇಲೆ ಬರಲಿ. ಹಿಡಿಯ ಉದ್ದವನ್ನು ಮೊದಲೇ ಸರಿಮಾಡಿಕೊಳ್ಳಿ, ಬಗ್ಗದೆ ನಿಲ್ಲುವಂತಿರಲಿ. ನನ್ನ ಬೆನ್ನು ನೋವಿಗೆ ಅರ್ಧ ಕಾರಣ ಗಿಡ್ಡ ಹಿಡಿಯೇ.

ಸಿಗ್ನಲ್ ಬಂದ ತಕ್ಷಣ ಗುದ್ದಲಿ ಹಾಕಬೇಡಿ. ಮತ್ತೆ ಬೀಸಿ. ಆಮೇಲೆ ಪಕ್ಕಕ್ಕೆ ಬಂದು ಅಡ್ಡಲಾಗಿ ಬೀಸಿ. ನಾಣ್ಯದಂಥ ದುಂಡಗಿನ ವಸ್ತು ಎರಡೂ ಕಡೆಯಿಂದ ಒಂದೇ ರೀತಿ ಕೂಗುತ್ತದೆ. ಮೊಳೆ ಒಂದು ಕಡೆಯಿಂದ ಚೆನ್ನಾಗಿ ಕೂಗಿ, ಅಡ್ಡ ಬೀಸಿದಾಗ ಒಡೆದ ಸದ್ದು ಮಾಡುತ್ತದೆ. ತುಕ್ಕು ಹಿಡಿದ ಚಪ್ಪಟೆ ಕಬ್ಬಿಣ ಮಾತ್ರ ಎಂಥವರನ್ನೂ ಯಾಮಾರಿಸುತ್ತದೆ. ಬೀಸಿನ ಎರಡು ಗೆರೆ ಕತ್ತರಿಸುವಲ್ಲಿ ವಸ್ತು ಇರುತ್ತದೆ.

ಕಬ್ಬಿಣದ ಸದ್ದು ಬೇಡ ಅಂತ ಡಿಸ್ಕ್ರಿಮಿನೇಷನ್ ಹಾಕಿಕೊಳ್ಳಬಹುದು. ನಾನು ಆದಷ್ಟು ಕಡಿಮೆ ಇಡುತ್ತೇನೆ. ಮೊಳೆಯ ಪಕ್ಕ ಮಲಗಿದ ನಾಣ್ಯ ಮೊಳೆಯ ಜೊತೆಗೇ ಮೌನವಾಗಿಬಿಡಬಹುದು. ಮೊಳೆ ಜಾಸ್ತಿ ಇರುವ ಜಾಗಕ್ಕೆ ಸಣ್ಣ ಕಾಯಿಲ್ ಹಾಕಿ. ಆಳ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಕೇಳಿಸುತ್ತದೆ.

ಕಳೆದ ಉಂಗುರ

ಪರಿಚಯದವರೊಬ್ಬರು ಮಕ್ಕಳ ಜೊತೆ ಚೆಂಡು ಆಡುವಾಗ ಉಂಗುರ ಕಳೆದುಕೊಂಡರು. "ಇಲ್ಲೇ ಬಿತ್ತು, ಈ ಕಲ್ಲಿನ ಹತ್ತಿರ" ಅಂದರು. ಕಲ್ಲಿನ ಸುತ್ತ ಒಂದು ಗಂಟೆ ಹುಡುಕಿದೆ. ಇಲ್ಲ. ಆಮೇಲೆ ಅವರಿಗೆ ಮತ್ತೆ ಚೆಂಡು ಎಸೆಯಲು ಹೇಳಿದೆ. ಅವರು ನಿಂತ ಜಾಗವೇ ಬೇರೆ! ಉಂಗುರ ಇಲ್ಲದ್ದು ಕಂಡದ್ದು ಕಲ್ಲಿನ ಹತ್ತಿರ, ಬಿದ್ದದ್ದು ಎಸೆದಲ್ಲಿ. ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ ಹುಡುಕಿದೆ. ಕಲ್ಲಿನಿಂದ ಒಂಬತ್ತು ಹೆಜ್ಜೆ ದೂರದ ಹುಲ್ಲಿನ ಬುಡದಲ್ಲಿ ಸಿಕ್ಕಿತು.

ಯಾರದಾದರೂ ಕಳೆದ ವಸ್ತು ಹುಡುಕಿಕೊಡುವುದಾದರೆ ಮಾತು ನಂಬಬೇಡಿ, ಮಾಡಿ ತೋರಿಸಲು ಹೇಳಿ. ಅಂಥದೇ ಇನ್ನೊಂದು ಉಂಗುರ ಇದ್ದರೆ ನೆಲದ ಮೇಲಿಟ್ಟು ಅದರ ನಂಬರ್ ಮೊದಲು ನೋಡಿಕೊಳ್ಳಿ.

ಉಜ್ಜಬೇಡಿ

ಇದು ಚಿಕ್ಕದು, ಆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೊದಲ ವರ್ಷ ಸಿಕ್ಕ ಒಂದು ಹಳೆಯ ತಾಮ್ರದ ನಾಣ್ಯವನ್ನು ನಿಂಬೆರಸ ಹಾಕಿ ಉಜ್ಜಿದೆ. ಥಳಥಳ ಅಂತು. ಅಕ್ಷರಗಳೂ ಹೋದವು. ತಾಮ್ರದ ಮೇಲಿನ ಆ ಹಸಿರು, ಕಂದು ಪದರದಲ್ಲೇ ಅಕ್ಷರ ಉಳಿದಿರುತ್ತದೆ. ಮಣ್ಣು ಒಣಗಲು ಬಿಡಿ, ಮೆತ್ತಗಿನ ಬ್ರಷ್‌ನಿಂದ ಉದುರಿಸಿ. ಹೊಲದಲ್ಲೇ ಹೆಬ್ಬೆರಳಿನಿಂದ ಒರೆಸುವ ಚಟವನ್ನೂ ಬಿಡಿ, ಮರಳು ಕಣವೇ ಸಾಕು ಗೀರು ಬೀಳಲು.

ಎಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು

ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ. ಸಿಕ್ಕಿದ್ದು ಯಾರಿಗೆ ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ. ರಕ್ಷಿತ ಸ್ಮಾರಕ, ಪುರಾತತ್ವ ಜಾಗಗಳ ಹತ್ತಿರ ಸುಳಿಯಲೇಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೆಲವು ಕಡೆ ಪರವಾನಗಿ ಇಲ್ಲದೆ ಹಳೆಯ ವಸ್ತು ಹುಡುಕಲು ಡಿಟೆಕ್ಟರ್ ಹಿಡಿಯುವುದೇ ಅಪರಾಧ. ಹಳೆಯ ಯುದ್ಧಭೂಮಿಗಳಲ್ಲಿ ಸಿಡಿಯದ ಮದ್ದುಗುಂಡು ಇರಬಹುದು. ಅಂಥದ್ದು ಕಂಡರೆ ಮುಟ್ಟದೆ ದೂರ ಹೋಗಿ ಪೊಲೀಸರಿಗೆ ಹೇಳಿ.

ನಿಲ್ಲುವುದನ್ನು ಯಾರಿಂದ ಕಲಿಯಬೇಕು ಅಂದರೆ ಎರಿಕ್ ಲಾಸ್ ಅವರಿಂದ. 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಹಾಕ್ಸನ್ ಹಳ್ಳಿಯಲ್ಲಿ ಅವರು ಹುಡುಕಲು ಹೋಗಿದ್ದು ರೈತ ಗೆಳೆಯನ ಕಳೆದ ಸುತ್ತಿಗೆಯನ್ನು. ಸಿಕ್ಕಿದ್ದು ರೋಮನ್ ಕಾಲದ ನಿಧಿ. ಸ್ವಲ್ಪ ಅಗೆದವರೇ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಉಳಿದದ್ದನ್ನು ಪುರಾತತ್ವದವರು ಬಂದು ಬಿಡಿಸಿದರು. ಹಾಗಾಗಿ ಪೆಟ್ಟಿಗೆಯೊಳಗೆ ಏನನ್ನು ಹೇಗೆ ಜೋಡಿಸಿಟ್ಟಿದ್ದರು ಅನ್ನುವುದೂ ಗೊತ್ತಾಯಿತು. ನಾಣ್ಯಗಳೇ 14,865. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಂದೇ ಕಡೆ ಎರಡು ಮೂರು ಹಳೆಯ ನಾಣ್ಯ ಬಂದರೆ ನಾನು ಈ ಸುತ್ತಿಗೆ ನೆನೆಸಿಕೊಂಡು ಕೈ ಕಟ್ಟುತ್ತೇನೆ. ಇದುವರೆಗೆ ಹಾಗೆ ಕೈ ಕಟ್ಟುವ ಸಂದರ್ಭ ಬಂದದ್ದು ಒಂದೇ ಸಲ. ಅದು ಯಾರದೋ ಹರಿದ ಜೇಬು.

ಗುಂಡಿ

ಹುಲ್ಲಿನಲ್ಲಿ ಅಗೆಯುವಾಗ ಲಾಳದ ಆಕಾರದಲ್ಲಿ ಮೂರು ಕಡೆ ಕತ್ತರಿಸಿ, ಒಂದು ಕಡೆ ಬಿಡಿ. ಬಾಗಿಲಿನ ಹಾಗೆ ಹುಲ್ಲಿನ ಪದರ ಮಡಚಿಕೊಳ್ಳುತ್ತದೆ, ಬೇರು ಪೂರ್ತಿ ತುಂಡಾಗುವುದಿಲ್ಲ. ಮಣ್ಣನ್ನು ಹುಲ್ಲಿನ ಮೇಲೆ ಸುರಿಯಬೇಡಿ, ಒಂದು ಬಟ್ಟೆ ಹಾಸಿ ಅದರ ಮೇಲೆ ಹಾಕಿ. ವಸ್ತು ಸಿಕ್ಕ ಮೇಲೂ ಗುಂಡಿಯ ಗೋಡೆಗೆ ಇನ್ನೊಮ್ಮೆ ಪಿನ್‌ಪಾಯಿಂಟರ್ ತಾಗಿಸಿ, ಎರಡನೆಯದು ಅಲ್ಲೇ ಇರುವುದುಂಟು. ಬಟ್ಟೆಯ ಮಣ್ಣು ವಾಪಸ್ ಸುರಿದು, ಹುಲ್ಲು ಮುಚ್ಚಿ, ಕಾಲಿನಿಂದ ಒತ್ತಿ. ಬಿರುಬಿಸಿಲಿನಲ್ಲಿ ನೆಲ ಬಿರಿದಿದ್ದರೆ ಹುಲ್ಲು ಕತ್ತರಿಸಲೇಬೇಡಿ, ಒಣಗಿ ಹೋಗುತ್ತದೆ. ಕಸ ಎಲ್ಲ ಚೀಲಕ್ಕೆ. ಅಗೆದ ಮುಚ್ಚಳವನ್ನು ಅಲ್ಲೇ ಎಸೆದರೆ ಮುಂದಿನ ವಾರ ನೀವೇ ಅದನ್ನು ಮತ್ತೆ ಅಗೆಯುತ್ತೀರಿ. ನಾನು ಅಗೆದಿದ್ದೇನೆ.

ಕಳೆದ ತಿಂಗಳು ಒಬ್ಬರ ಹುಲ್ಲುಗಾವಲಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಇಪ್ಪತ್ತೆರಡು ಗುಂಡಿ ತೆಗೆದೆ. ಮರುದಿನ ಕಸದ ಚೀಲ ತೋರಿಸಲು ಹೋದರೆ ಅವರು ಕೇಳಿದರು: "ಯಾಕೆ, ನಿನ್ನೆ ಬರಲಿಲ್ವಾ?"