ಹಸಿ ಆರುವ ಮುಂಚೆ ಮೆಕ್ಕೆಜೋಳ ಬಿತ್ತಿದ್ದು: ನನ್ನ ಅನುಭವ

ಕಳೆದ ವರ್ಷ ಚಳಿ ಮುಗಿಯುತ್ತಲೇ ಮಳೆ ಕೈಕೊಟ್ಟಿತು. ದಿನಾ ಬಿಸಿಲು, ಜೊತೆಗೆ ಒಣಗಾಳಿ. ಹೊಲದ ಮೇಲ್ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಆದರೆ ಗುದ್ದಲಿಯಲ್ಲಿ ಅರ್ಧ ಗೇಣು ಅಗೆದು ನೋಡಿದರೆ ಕೆಳಗೆ ಇನ್ನೂ ಕಪ್ಪಗೆ ಹಸಿ ಇತ್ತು. ಮಳೆ ಬರಲಿ, ಆಮೇಲೆ ಬಿತ್ತೋಣ ಅಂತ ಸುಮ್ನೆ ಕೂತರೆ ಇರುವ ಹಸಿಯೂ ಆರಿಹೋಗುತ್ತದೆ ಅನ್ನಿಸಿತು. ಹಾಗಾಗಿ ಪ್ರತಿ ವರ್ಷಕ್ಕಿಂತ ಹತ್ತು ದಿನ ಮೊದಲೇ ಬಿತ್ತಿದೆ.

ಬೇಗ ಬಿತ್ತುವುದು ಅಂದ್ರೆ ಕಣ್ಣು ಮುಚ್ಚಿ ಬಿತ್ತುವುದಲ್ಲ. ಮೆಕ್ಕೆಜೋಳಕ್ಕೆ ಮಣ್ಣಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಆದರೂ ಬೇಕು. ಅದಕ್ಕಿಂತ ತಣ್ಣಗಿದ್ದರೆ ಬೀಜ ನೀರು ಕುಡಿದು ಉಬ್ಬುತ್ತದೆ, ಮೊಳಕೆ ಏಳದೆ ಅಲ್ಲೇ ಕೊಳೆಯುವುದೂ ಉಂಟು. ಥರ್ಮಾಮೀಟರನ್ನು 5 ಸೆಂ.ಮೀ. ಆಳಕ್ಕೆ ಚುಚ್ಚಿ ಬೆಳಿಗ್ಗೆ ಹೊತ್ತೇ ನೋಡುತ್ತಿದ್ದೆ. ಮಧ್ಯಾಹ್ನ ನೋಡಿದರೆ ಮೋಸ ಹೋಗುತ್ತೀರಿ, ಯಾಕಂದ್ರೆ ಒಣ ಮಣ್ಣು ಬಿಸಿಲಿಗೆ ಬೇಗ ಕಾಯುತ್ತದೆ, ರಾತ್ರಿ ಅಷ್ಟೇ ಬೇಗ ತಣ್ಣಗಾಗುತ್ತದೆ. ಐದು ಬೆಳಿಗ್ಗೆ ಸತತವಾಗಿ 10 ದಾಟಿತು, ಮುಂದಿನ ವಾರವೂ ಬೆಚ್ಚಗಿರುವ ಸೂಚನೆ ಇತ್ತು. ಆಮೇಲೇ ಹೊಲಕ್ಕೆ ಇಳಿದಿದ್ದು.

ಆಳದ ಉಳುಮೆಯನ್ನು ಹಿಂದಿನ ಬೆಳೆ ತೆಗೆದ ಕೂಡಲೇ ಮುಗಿಸಿದ್ದೆ. ನಮ್ಮನ್ನು ಕಾಪಾಡಿದ್ದು ಅದೇ. ಒಣಗಾಳಿಯ ದಿನಗಳಲ್ಲಿ ನೇಗಿಲು ಹಾಕಿದರೆ ಕೆಳಗಿನ ಹಸಿ ಮಣ್ಣು ಮೇಲೆ ಬಂದು ಕಲ್ಲಿನಂಥ ಹೆಂಟೆಯಾಗುತ್ತದೆ, ಅದನ್ನು ಒಡೆಯಲು ಮತ್ತೆರಡು ಸಲ ಹರಗಬೇಕು, ಹರಗಿದ ಪ್ರತಿ ಸಲ ಇನ್ನಷ್ಟು ಹಸಿ ಹೋಗುತ್ತದೆ. ನಾನು ಕಲ್ಟಿವೇಟರ್ ಹೊಡೆದದ್ದು ಒಂದೇ ಸಲ, ಅದೂ ಬಿತ್ತುವ ಆಳಕ್ಕಿಂತ ಕೆಳಗೆ ಹೋಗದ ಹಾಗೆ. ಹಿಂದೆಯೇ ರೋಲರ್. ಮೇಲೆ ಬಟಾಣಿ ಗಾತ್ರದ ಹೆಂಟೆ ಉಳಿದಿದ್ದವು, ಉಳಿಯಲಿ ಅಂತ ಬಿಟ್ಟೆ. ಮೆಕ್ಕೆಜೋಳದ ಕಾಳು ದಪ್ಪ, ಅದಕ್ಕೆ ಹಿಟ್ಟಿನಂಥ ಮಣ್ಣು ಬೇಕಿಲ್ಲ. ತೀರಾ ನುಣ್ಣಗೆ ಮಾಡಿದ ಮಣ್ಣು ಒಂದು ಜೋರು ಮಳೆ ಬಿದ್ದರೆ ಮೇಲೆ ಹೆಪ್ಪುಗಟ್ಟುತ್ತದೆ.

ಇಷ್ಟು ಗೊತ್ತಿದ್ದೂ ಒಂದು ಕಡೆ ತಪ್ಪಿದೆ. ಹೊಲದ ತುದಿಯ ಒಂದು ಪಟ್ಟಿಯಲ್ಲಿ ಹೆಂಟೆ ಜಾಸ್ತಿ ಕಂಡು, ಬಿತ್ತುವ ಹಿಂದಿನ ದಿನ ಬೆಳಿಗ್ಗೆ ಅಲ್ಲಿ ರೋಟಾವೇಟರ್ (ಮಣ್ಣನ್ನು ನುಣ್ಣಗೆ ಪುಡಿ ಮಾಡುವ ಯಂತ್ರ) ಹೊಡೆದೆ. ನೋಡಲು ತುಂಬಾ ಚೆನ್ನಾಗಿತ್ತು. ಸಂಜೆಗೆ ಕೈ ಹಾಕಿದರೆ ಬೆರಳುದ್ದದ ಆಳದವರೆಗೂ ಪುಡಿಪುಡಿ, ಉಂಡೆ ಕಟ್ಟಿದರೆ ನಿಲ್ಲುತ್ತಿರಲಿಲ್ಲ.

ಬಿತ್ತುವಾಗ ಸಾಲಿಂದ ಸಾಲಿಗೆ 75 ಸೆಂ.ಮೀ., ಕಾಳಿಂದ ಕಾಳಿಗೆ 17–18 ಸೆಂ.ಮೀ. ಇಟ್ಟೆ, ಹೆಕ್ಟೇರಿಗೆ ಸುಮಾರು 75,000 ಕಾಳು. ಬದಲಾಯಿಸಿದ್ದು ಆಳವನ್ನು. ಮಾಮೂಲಿ 5 ಸೆಂ.ಮೀ., ಈ ಸಲ 7ಕ್ಕೆ ಇಳಿಸಿದೆ, ಏಕೆಂದರೆ ಹಸಿ ಇದ್ದದ್ದು ಅಲ್ಲಿ. ಕಾಳು ತನ್ನ ತೂಕದ ಮೂರನೇ ಒಂದರಷ್ಟು ನೀರು ಹೀರಿಕೊಂಡರೇನೇ ಮೊಳೆಯುವುದು. ಒಣ ಪದರ ಇನ್ನೂ ದಪ್ಪ ಇದ್ದ ಕಡೆ ಆಳ ಹೆಚ್ಚಿಸುವ ಬದಲು, ಬಿತ್ತುವ ಯಂತ್ರದಲ್ಲಿ ಸಾಲಿನ ಮುಂದೆ ಇರುವ ತಟ್ಟೆಗಳಿಂದ ಒಣಮಣ್ಣನ್ನು ಪಕ್ಕಕ್ಕೆ ಸರಿಸಿ ಬಿತ್ತಿದೆ. ಒಣಮಣ್ಣಿನಲ್ಲೇ ಮೇಲೆ ಮೇಲೆ ಬಿತ್ತಿ ಮಳೆ ಬರುತ್ತದೆ ಅಂತ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಆಮೇಲೆ ಬರುವ ಮುಖ್ಯ ಬೇರುಗಳೂ ಒಣ ಮಣ್ಣಿಗೇ ಸಿಕ್ಕಿ, ಗಿಡ ಗಾಳಿಗೆ ಮಗುಚಿ ಬೀಳುತ್ತದೆ.

ಟ್ರ್ಯಾಕ್ಟರ್ ವೇಗ ಗಂಟೆಗೆ 6 ಕಿ.ಮೀ. ದಾಟಲು ಬಿಡಲಿಲ್ಲ. ಎರಡು ಸುತ್ತಿಗೊಮ್ಮೆ ಇಳಿದು, ಸಾಲನ್ನು ಚಾಕುವಿನಲ್ಲಿ ಅಡ್ಡ ಸೀಳಿ ಕಾಳು ಹುಡುಕುತ್ತಿದ್ದೆ. ಒಂದು ಕಡೆ ಕಾಳಿನ ಸುತ್ತ ಬೆರಳಗಲದ ಪೊಳ್ಳು ಕಂಡಿತು, ಮೇಲೆ ಮಣ್ಣು ಮುಚ್ಚಿತ್ತು ಅಷ್ಟೇ. ಹಸಿಯ ನಡುವೆ ಇದ್ದರೂ ಆ ಕಾಳಿಗೆ ಹಸಿ ಮುಟ್ಟುತ್ತಿರಲಿಲ್ಲ ಅಲ್ವಾ? ಬಿತ್ತುವ ಯಂತ್ರದ ಹಿಂದೆ ಮಣ್ಣು ಒತ್ತುವ ಗಾಲಿಯ ಒತ್ತಡ ಒಂದು ಹಂತ ಹೆಚ್ಚಿಸಿದ ಮೇಲೆ ಮಣ್ಣು ಕಾಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಗೊಬ್ಬರವನ್ನು ಕಾಳಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಬೀಳುವ ಹಾಗೆ ಇಟ್ಟೆ. ಒಣ ಮಣ್ಣಿನಲ್ಲಿ ಗೊಬ್ಬರ ಹತ್ತಿರ ಬಿದ್ದರೆ ಮೊಳಕೆ ಸುಟ್ಟುಹೋಗುತ್ತದೆ.

ಹದಿನಾರನೇ ದಿನ ಸಾಲು ಕಂಡಿತು. ಎರಡು ಎಲೆ ಇದ್ದಾಗ ಒಂದು ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿ ಎಲೆಗಳು ಕಂದಿದವು, ಎದೆ ಧಸಕ್ಕೆಂದಿತು. ಆದರೆ ಐದಾರು ಎಲೆ ಬರುವ ತನಕ ಹೊಸ ಎಲೆ ಹುಟ್ಟುವ ಸುಳಿಯ ಬುಡ ಮಣ್ಣಿನೊಳಗೇ ಇರುತ್ತದೆ. ವಾರದೊಳಗೆ ಹೊಸ ಎಲೆ ಬಂತು. ಬಿತ್ತಿದ ಕೂಡಲೇ ಹೊಡೆದ ಕಳೆನಾಶಕ ಮಾತ್ರ ಮಳೆಯಿಲ್ಲದೆ ಸರಿಯಾಗಿ ಕೆಲಸ ಮಾಡಲಿಲ್ಲ, ಕಳೆಗೆ ಎರಡು ಸಲ ಎಡೆಕುಂಟೆ ಹೊಡೆಯಬೇಕಾಯಿತು.

ರೋಟಾವೇಟರ್ ಹೊಡೆದ ಪಟ್ಟಿಯಲ್ಲಿ ಮೊದಲು ಎದ್ದದ್ದು ಅರ್ಧ ಗಿಡ ಮಾತ್ರ. ಉಳಿದ ಕಾಳುಗಳು ಮಣ್ಣಿನಲ್ಲಿ ಹಾಗೇ ಒಣಗಿ ಕೂತು, ಮೂರು ವಾರ ಬಿಟ್ಟು ಬಂದ ಮಳೆಗೆ ಎದ್ದವು. ಅಷ್ಟರಲ್ಲಿ ಪಕ್ಕದ ಗಿಡಗಳು ಮೊಣಕಾಲಿನತ್ತ ಬೆಳೆದಿದ್ದವು. ಅವುಗಳ ನೆರಳಿನಲ್ಲೇ ಬೆಳೆದ ಆ ತಡದ ಗಿಡಗಳನ್ನು ಕಟಾವಿನ ದಿನ ಒಂದೊಂದಾಗಿ ಸುಲಿದು ನೋಡಿದೆ. ಕೆಲವು ತೆನೆ ಹೆಬ್ಬೆರಳಿನಷ್ಟು, ಎಷ್ಟೋ ಗಿಡದಲ್ಲಿ ತೆನೆಯೇ ಇರಲಿಲ್ಲ.