ಮೇಲ್ ಹೋಗುತ್ತಿಲ್ಲವೇ? ಮೊದಲು ರೀಸ್ಟಾರ್ಟ್ ಬಟನ್ನಿನಿಂದ ಕೈ ತೆಗೆಯಿರಿ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಿಂದ ಮಾರ್ಚ್ ಕೊನೆಯ ವಾರ ಫೋನ್ ಬಂತು. 'ಸಾರ್, ನಿನ್ನೆ ಮಧ್ಯಾಹ್ನದಿಂದ ಒಂದೇ ಒಂದು ಕೊಟೇಶನ್ ಹೋಗಿಲ್ಲ.' ನಾನು ಟ್ರಾಫಿಕ್ ದಾಟಿ ತಲುಪುವಷ್ಟರಲ್ಲಿ ಅಲ್ಲಿನ ಹುಡುಗ ಸರ್ವರನ್ನು ಮೂರು ಸಲ ರೀಸ್ಟಾರ್ಟ್ ಮಾಡಿದ್ದ. ಸಾಲದ್ದಕ್ಕೆ ಎಲ್ಲೋ ಸಿಕ್ಕ ಒಂದು ಸಾಲಿನ ಕಮಾಂಡ್ ಹಾಕಿ ಕ್ಯೂವನ್ನೇ ಖಾಲಿ ಮಾಡಿದ್ದ. ಹೊರಡಲು ಕಾಯುತ್ತಿದ್ದ ಬಿಲ್ಲುಗಳೂ ಅದರೊಂದಿಗೇ ಮಾಯ. ತೊಂದರೆ ಮಾತ್ರ ಕದಲದೆ ಕೂತಿತ್ತು.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಮೇಲೆ ಓಡುವ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದ ಲೆಕ್ಕದಲ್ಲಿ. ಆಚೆಯವರು ಖಡಾಖಂಡಿತವಾಗಿ ತಿರಸ್ಕರಿಸಿದ್ದನ್ನು ಬಿಟ್ಟರೆ, ಹೋಗದ ಮೇಲ್ ಕಳೆದುಹೋಗಿರುವುದಿಲ್ಲ, ಡಿಸ್ಕಿನ ಮೇಲೆ ಭದ್ರವಾಗಿರುತ್ತದೆ. ನೀವು ಸೆಟ್ಟಿಂಗ್ ಬದಲಿಸಿಲ್ಲವಾದರೆ ಪೋಸ್ಟ್‌ಫಿಕ್ಸ್ ಅದನ್ನು 5 ದಿನ ಮತ್ತೆ ಮತ್ತೆ ಕಳಿಸಲು ನೋಡುತ್ತದೆ. ಹಾಗಾಗಿ ಮಾಲೀಕರು ಬೆನ್ನ ಹಿಂದೆ ನಿಂತಿದ್ದರೂ ಒಂದು ಕಾಫಿ ಕುಡಿಯುವಷ್ಟು ಪುರುಸೊತ್ತು ನಿಮಗಿದೆ.

ಮೊದಲ ಹೆಜ್ಜೆ: ಡೊಮೈನ್ ನವೀಕರಣದ ದಿನಾಂಕ ದಾಟಿದೆಯೇ, ಡಿಸ್ಕ್ ತುಂಬಿದೆಯೇ ನೋಡಿ. ಎರಡು ನಿಮಿಷದ ಕೆಲಸ. ಡಿಸ್ಕಿನಲ್ಲಿ ಜಾಗ ಕಾಣಿಸಿದರೂ ಐನೋಡ್ (ಪ್ರತಿ ಫೈಲಿಗೂ ಬೇಕಾಗುವ ನಮೂದು) ಮುಗಿದಿರಬಹುದು, ಅದನ್ನೂ ನೋಡಿ.

ಎರಡನೆಯದು ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ. ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲೇ, ಏಕೆಂದರೆ ಯಾರೂ ಅದನ್ನು ಓದುವುದಿಲ್ಲ. ಉಬುಂಟುವಿನಲ್ಲಾದರೆ ಸಾಮಾನ್ಯವಾಗಿ ವಾರ್ ಫೋಲ್ಡರಿನ ಒಳಗಿನ ಲಾಗ್ ಫೋಲ್ಡರಿನಲ್ಲಿ ಮೇಲ್ ಡಾಟ್ ಲಾಗ್ ಇರುತ್ತದೆ. ಹೋಗದ ಒಂದು ಮೇಲ್ ಹಿಡಿದು, ಅದರ ಸಾಲನ್ನು ಕೊನೆಯಿಂದ ಓದಿ. ಆಚೆ ಬದಿಯ ಸರ್ವರ್ ಏನು ಉತ್ತರ ಕೊಟ್ಟಿತೋ ಅದು ಸಾಲಿನ ಕೊನೆಯ ಆವರಣದೊಳಗೆ ಅಕ್ಷರಶಃ ಬಿದ್ದಿರುತ್ತದೆ. ಉತ್ತರ 4ರಿಂದ ಶುರುವಾದರೆ 'ಈಗ ಬೇಡ, ಆಮೇಲೆ ಬಾ' ಎಂದು. 5ರಿಂದ ಶುರುವಾದರೆ ಬಾಗಿಲು ಹಾಕಿಕೊಂಡಿದ್ದಾರೆ ಎಂದು.

ಎಲ್ಲ ಕಡೆಗೂ 'ಕನೆಕ್ಷನ್ ಟೈಮ್ಡ್ ಔಟ್' ಎಂದೇ ಬರುತ್ತಿದ್ದರೆ ಹೊರಹೋಗುವ 25ನೇ ಪೋರ್ಟ್ (ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವ ದಾರಿ) ಮುಚ್ಚಿರುವ ಸಂಭವವೇ ಹೆಚ್ಚು. ಸರ್ವರನ್ನು ಹೊಸದಾಗಿ ಕ್ಲೌಡಿಗೆ ಸಾಗಿಸಿದವರಿಗೆ ಇದು ಮಾಮೂಲಿ. ಅಮೆಜಾನ್, ಗೂಗಲ್ ಎರಡೂ ತಮ್ಮ ಕ್ಲೌಡಿನಲ್ಲಿ ಆ ಪೋರ್ಟನ್ನು ಮೊದಲೇ ತಡೆದಿರುತ್ತವೆ. 587ನೇ ಪೋರ್ಟ್ ಮೂಲಕ ಒಂದು ರಿಲೇ ಸೇವೆಗೆ (ನಿಮ್ಮ ಪರವಾಗಿ ಮೇಲ್ ಮುಂದೆ ಕಳಿಸುವವರಿಗೆ) ಕಟ್ಟಿಬಿಡಿ, ಜಗಳಕ್ಕೆ ನಿಲ್ಲಬೇಡಿ.

ಲಾಗ್‌ನಲ್ಲಿ ಜಿಮೇಲ್‌ನ ಉತ್ತರ 5.7.26 ಎಂದಿದ್ದರೆ ನಿಮ್ಮ ಎಸ್‌ಪಿಎಫ್ (ನಿಮ್ಮ ಡೊಮೈನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಸರಿಯಿಲ್ಲ. 2024ರ ಫೆಬ್ರುವರಿಯಿಂದ ಅವರು ಇದರಲ್ಲಿ ಬಿಗಿಯಾಗಿದ್ದಾರೆ. ನಾನು ಹೆಚ್ಚು ಕಂಡ ತಪ್ಪು: ಮಾರ್ಕೆಟಿಂಗ್‌ನವರು ಹೊಸ ನ್ಯೂಸ್‌ಲೆಟರ್ ಸೇವೆ ತೆಗೆದುಕೊಂಡು ಇನ್ನೊಂದು ಎಸ್‌ಪಿಎಫ್ ದಾಖಲೆ ಸೇರಿಸಿರುತ್ತಾರೆ. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್. ಎರಡಾದರೆ ಎರಡೂ ಕೆಟ್ಟವು. ಅದರೊಳಗಿನ ಡಿಎನ್‌ಎಸ್ (ಡೊಮೈನ್ ಹೆಸರುಗಳ ವಿಳಾಸಪುಸ್ತಕ) ಹುಡುಕಾಟವೂ 10 ದಾಟಬಾರದು. 5.7.25 ಬಂದರೆ ಪಿಟಿಆರ್ ದಾಖಲೆ (ಐಪಿ ವಿಳಾಸದಿಂದ ಸರ್ವರಿನ ಹೆಸರು ತಿಳಿಸುವುದು) ಇಲ್ಲ ಅಥವಾ ಹೊಂದುತ್ತಿಲ್ಲ ಎಂದರ್ಥ. ಅದನ್ನು ಡೊಮೈನ್ ಮಾರಿದವರ ಬಳಿ ಕೇಳಿ ಪ್ರಯೋಜನವಿಲ್ಲ, ಐಪಿ ಕೊಟ್ಟವರೇ ಹಾಕಬೇಕು.

ಲಾಗ್ ಸಾಲಿನಲ್ಲಿ ಸ್ಪಾಮ್‌ಹೌಸ್ (ಕಸದ ಮೇಲ್ ಕಳಿಸುವ ಸರ್ವರ್‌ಗಳ ಕಪ್ಪುಪಟ್ಟಿ ಇಡುವ ಸಂಸ್ಥೆ) ಹೆಸರಿದ್ದರೆ ಹುಷಾರು. ಪೀಣ್ಯದಲ್ಲಿ ಇದ್ದದ್ದೂ ಇದೇ. ಎಲ್ಲರೂ ಮಾಡುವ ಎಡವಟ್ಟೆಂದರೆ ಮೊದಲು ಕಪ್ಪುಪಟ್ಟಿಯಿಂದ ಹೆಸರು ತೆಗೆಸುವುದು. ಸೋರುವ ಕೊಳಾಯಿ ನಿಲ್ಲಿಸದೆ ನೆಲ ಒರೆಸಿದ ಹಾಗೆ ಅದು. ನಾಳೆ ಮತ್ತೆ ಪಟ್ಟಿಯಲ್ಲಿ ಇರುತ್ತೀರಿ.

ಕಸದ ಮೇಲ್ ಸೋರುತ್ತಿರುವುದು ಎಲ್ಲಿಂದ ಎಂದು ತಿಳಿಯಲು ಲಾಗ್‌ನಲ್ಲಿ ಸಾಸ್ಲ್ ಯೂಸರ್‌ನೇಮ್ (ಲಾಗಿನ್ ಆಗಿ ಮೇಲ್ ಕಳಿಸಿದವರ ಹೆಸರು) ಎಂಬಲ್ಲಿ ಯಾರ ಹೆಸರು ಎಷ್ಟು ಸಲ ಇದೆ ಎಣಿಸಿ. ಅಲ್ಲಿ ಅಕೌಂಟ್ಸ್ ವಿಭಾಗದ ಹೆಸರು ಒಂದೇ ರಾತ್ರಿಯಲ್ಲಿ ಸಾವಿರಾರು ಸಲ ಬಂದಿತ್ತು. ಪಾಸ್‌ವರ್ಡ್ ನೋಡಿದರೆ ಕಂಪನಿಯ ಹೆಸರು, ಮುಂದೆ ಒಂದು ಎರಡು ಮೂರು! ಯಾರ ಹೆಸರೂ ಹೀಗೆ ಮೇಲೆ ಬರದಿದ್ದರೆ ವೆಬ್‌ಸೈಟಿನ ಹಳೆಯ ಸಂಪರ್ಕ ಫಾರಂ ಮೇಲೆ ಕಣ್ಣಿಡಿ.

ಪಾಸ್‌ವರ್ಡ್ ಬದಲಿಸಿ, ಮೇಲ್ ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಈಗ ಮಾಡಬಹುದು. ಬಳಿಕ ಪೋಸ್ಟ್‌ಸೂಪರ್ ಬಳಸಿ ಇಡೀ ಕ್ಯೂವನ್ನು ತಡೆಹಿಡಿಯಿರಿ. ಈ ಕಮಾಂಡಿಗೆ ಸಣ್ಣ ಎಚ್ ಕೊಟ್ಟರೆ ಮೇಲ್ ತಡೆಯುತ್ತದೆ, ದೊಡ್ಡ ಎಚ್ ಬಿಡುತ್ತದೆ, ಸಣ್ಣ ಡಿ ಅಳಿಸುತ್ತದೆ. ಆ ಡಿ ಮುಂದೆ 'ಆಲ್' ಎಂದು ಬರೆದಿದ್ದೇ ನಮ್ಮ ಹುಡುಗ ಮಾಡಿದ ಅನಾಹುತ. ಮೇಲ್‌ಕ್ಯೂ ತೋರಿಸುವ ಪಟ್ಟಿಯಲ್ಲಿ ಕಳ್ಳ ವಿಳಾಸದವನ್ನು ಮಾತ್ರ ಆರಿಸಿ ಅಳಿಸಿ. ಅನುಮಾನ ಬಂದರೆ ಪೋಸ್ಟ್‌ಕ್ಯಾಟ್‌ನಿಂದ ಒಳಗೇನಿದೆ ಎಂದು ತೆರೆದು ನೋಡಿ. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಆಮೇಲೆ ಪಟ್ಟಿಯಿಂದ ತೆಗೆಯಲು ಅರ್ಜಿ. ಸ್ಪಾಮ್‌ಹೌಸ್ ಇದಕ್ಕೆ ಕಾಸು ಕೇಳುವುದಿಲ್ಲ. 'ಹಣ ಕೊಟ್ಟರೆ ಬೇಗ ತೆಗೆಯುತ್ತೇವೆ' ಎನ್ನುವ ಪಟ್ಟಿಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನೀವೂ ಬೇಡ.

ಮಧ್ಯೆ ಒಂದು ಮಾತು. ಒಳಬರುವ ಮೇಲ್ ಪೂರ್ತಿ ನಿಂತಿದ್ದರೆ, ಇತ್ತೀಚೆಗೆ ಯಾರಾದರೂ ಸರ್ವರಿನ ಡಿಎನ್‌ಎಸ್ ಅನ್ನು ಗೂಗಲ್‌ನ 8.8.8.8ಕ್ಕೆ ಬದಲಿಸಿದರೇ ಎಂದು ವಿಚಾರಿಸಿ. ಮೇಲ್ ಕಳಿಸಿದವರು ಕಪ್ಪುಪಟ್ಟಿಯಲ್ಲಿದ್ದಾರೆಯೇ ಎಂದು ನಿಮ್ಮ ಸರ್ವರ್ ಅಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪಾಮ್‌ಹೌಸ್ 127.255.255.254 ಎಂಬ ದೋಷಸಂಕೇತ ಕೊಡುತ್ತದೆ. ಸೆಟ್ಟಿಂಗ್ ಸಡಿಲವಿದ್ದರೆ ನಿಮ್ಮ ಸರ್ವರ್ ಅದನ್ನು 'ಕಪ್ಪುಪಟ್ಟಿಯಲ್ಲಿದ್ದಾನೆ' ಎಂದೇ ತಿಳಿದು ಬಂದವರನ್ನೆಲ್ಲ ಓಡಿಸುತ್ತದೆ.

ಪಟ್ಟಿಯಿಂದ ಹೆಸರು ಹೋದ ಮೇಲೆ ತಡೆದದ್ದನ್ನು ಇಪ್ಪತ್ತು ಮೂವತ್ತರಂತೆ ಬಿಡಿ. ಕಾಯುತ್ತಿರುವುದನ್ನೆಲ್ಲ ಒಟ್ಟಿಗೆ ಕಳಿಸಲು ನೋಡುವ ಫ್ಲಶ್ ಕಮಾಂಡನ್ನು ಮತ್ತೆ ಮತ್ತೆ ಒತ್ತಿದರೆ ಆಚೆಯವರು ಮತ್ತೆ ಮುಖ ತಿರುಗಿಸುತ್ತಾರೆ.

ಕ್ಯೂ ಈಗಾಗಲೇ ಅಳಿಸಿಹೋಗಿದ್ದರೆ? ಕೈಯಿಂದ ಕಳಿಸಿದವು ಸೆಂಟ್ ಫೋಲ್ಡರಿನಲ್ಲಿ ಸಿಗುತ್ತವೆ. ಬಿಲ್ಲಿಂಗ್ ಸಾಫ್ಟ್‌ವೇರ್ ತಾನಾಗಿ ಕಳಿಸಿದವು ಅಲ್ಲಿ ಇರುವುದಿಲ್ಲ. ಆದರೆ ಯಾರಿಗೆ ಹೋಗಬೇಕಿತ್ತು ಎಂಬುದು ಲಾಗ್‌ನಲ್ಲಿ ಉಳಿದಿರುತ್ತದೆ. ಪೀಣ್ಯದಲ್ಲಿ ನಾವು ಆ ವಿಳಾಸಗಳನ್ನೆಲ್ಲ ಪ್ರಿಂಟ್ ತೆಗೆದೆವು. ಹುಡುಗ ಸಂಜೆ ಏಳರವರೆಗೆ ಕೂತು, ಸ್ಕೇಲ್ ಇಟ್ಟು ಒಂದೊಂದೇ ಸಾಲು ಹೊಡೆದುಹಾಕುತ್ತ ಬಿಲ್ಲುಗಳನ್ನು ಮತ್ತೆ ಕಳಿಸಿದ.