ಆಷಾಢದಲ್ಲಿ ದೀಕ್ಷಿತರು: ಬ್ಯಾಂಡ್‌ಸೆಟ್ಟಿನವರೊಂದಿಗೆ ಒಂದು ವಾದ್ಯವೃಂದ

ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲೊಬ್ಬರಾದ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಮದುವೆ ಮೆರವಣಿಗೆಯ ಕ್ಲಾರಿನೆಟ್ಟಿನವರಿಂದ ನುಡಿಸುತ್ತೇನೆಂದಾಗ ದಾವಣಗೆರೆಯಲ್ಲಿ ನನಗೆ ಪರಿಚಯವಿದ್ದ ವಿದ್ವಾಂಸರಾರೂ ಒಪ್ಪಲಿಲ್ಲ. ಕ್ಲಾರಿನೆಟ್ಟಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಎ.ಕೆ.ಸಿ. ನಟರಾಜನ್ ಅವರ ಹೆಸರು ಹೇಳಿದರೆ, ಅವರ ಮಾತು ಬೇರೆ, ನಿಮ್ಮ ಹುಡುಗರ ಮಾತು ಬೇರೆ ಎಂದರು. ದೀಕ್ಷಿತರು ಹುಟ್ಟಿ 250 ವರ್ಷ ತುಂಬಿದ 2025ರ ಆಷಾಢದಲ್ಲಿ ಸುಮಾರು 20 ಮಂದಿಯ ನಮ್ಮ ವಾದ್ಯವೃಂದವು ಎರಡು ಗಂಟೆ ನುಡಿಸಿತು. ಆಕ್ಷೇಪಿಸಿದವರಲ್ಲಿ ಕೆಲವರು ಮಂಗಳದವರೆಗೂ ಕುಳಿತಿದ್ದರೆಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಆಷಾಢವನ್ನು ಆರಿಸಿದ್ದು ಹಣದ ಲೆಕ್ಕದಿಂದ. ಲಗ್ನಗಳಿಲ್ಲದ ತಿಂಗಳಲ್ಲಿ ಬ್ಯಾಂಡ್‌ಸೆಟ್ಟಿನವರು ಬಿಡುವಾಗಿರುತ್ತಾರೆ. ಲಗ್ನದ ದಿನಗಳಲ್ಲಿ 60 ಸಾವಿರ ಕೇಳುವ ಕಲ್ಯಾಣ ಮಂಟಪವು ನಮಗೆ 18 ಸಾವಿರದ ಆಸುಪಾಸಿನಲ್ಲಿ ದೊರೆಯಿತು. ಅಭ್ಯಾಸದ ಸಂಜೆಗೆ ತಲಾ 500, ಕಛೇರಿಯ ದಿನಕ್ಕೆ 2,000 ಎಂದು ಮಾತಾಗಿತ್ತು. ಮೈಕ್‌ಸೆಟ್ಟಿಗೆ 20 ಸಾವಿರ ಹೋಯಿತು. ಅಭ್ಯಾಸ ಮುಗಿದ ಮೇಲಿನ ಮಂಡಕ್ಕಿ, ಮಿರ್ಚಿ, ಚಹಾದ ಖರ್ಚೇ ಕೊನೆಗೆ ಮೈಕಿನ ಬಾಡಿಗೆಯ ಹತ್ತಿರಕ್ಕೆ ಬಂದದ್ದನ್ನು ಮಾತ್ರ ಯಾರೂ ಮೊದಲೇ ಎಣಿಸಿರಲಿಲ್ಲ. ಒಟ್ಟು ವೆಚ್ಚ ಒಂದೂವರೆ ಲಕ್ಷ ಮುಟ್ಟಿತು. ದಾನಿಗಳಿಂದ ಒಂದು ಲಕ್ಷದಷ್ಟು ಬಂದಿತು, ಉಳಿದದ್ದು ನನ್ನ ಪಿಟೀಲು ಪಾಠದ ಸಂಪಾದನೆ.

ಆರಂಭಕ್ಕೆ ನೊಟ್ಟುಸ್ವರಗಳನ್ನು ತೆಗೆದುಕೊಂಡೆ. ಮದರಾಸಿನ ಕೋಟೆಯ ಬ್ರಿಟಿಷ್ ಬ್ಯಾಂಡಿನ ಮಟ್ಟುಗಳನ್ನು ಕೇಳಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿದ ರಚನೆಗಳು ಅವು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದದ್ದೂ ಆ ಒಡನಾಟದ ಫಲವೇ. ಮಕ್ಕಳ ಪಾಠವೆಂದು ನಾವು ಬದಿಗಿಡುವ ‘ಶಕ್ತಿಸಹಿತ ಗಣಪತಿಂ’ ಅನ್ನು ಕ್ಲಾರಿನೆಟ್ಟಿನವರು ಒಂದೇ ಸಂಜೆಯಲ್ಲಿ ಕಿವಿಯಿಂದಲೇ ಹಿಡಿದರು. ‘ಸಂತತಂ ಪಾಹಿಮಾಂ’ ಶುರುವಾದಾಗ ಅವರಲ್ಲಿ ಹಿರಿಯರೊಬ್ಬರು, “ಮೇಷ್ಟ್ರೇ, ಇದು ನಮ್ಮ ಬ್ಯಾಂಡಿನ ಹಾಡೇ ಐತಲ್ರೀ” ಎಂದರು. ಅದು ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟು. ಅವರ ಮಾತು ಸರಿಯಾಗಿಯೇ ಇತ್ತು.

ತೊಡಕು ಕಾಣಿಸಿದ್ದು ದ್ವಿಜಾವಂತಿ ರಾಗದ ‘ಚೇತಃ ಶ್ರೀ ಬಾಲಕೃಷ್ಣಂ’ನಲ್ಲಿ. ಎಲ್ಲರೂ ಒಟ್ಟಾಗಿ ನುಡಿಸಿದರೆ ಗಮಕಗಳು, ಅಂದರೆ ಸ್ವರಗಳ ಬಳುಕುಗಳು, ಒಂದರ ಮೇಲೊಂದು ಬಿದ್ದು ರಾಗವೇ ಕಲಸಿಹೋಗುತ್ತಿತ್ತು. ಕೀಬೋರ್ಡಿನವರೊಬ್ಬರು ಕಾರ್ಡ್‌ಗಳನ್ನು (ಒಟ್ಟಿಗೇ ನುಡಿಯುವ ಸ್ವರಗುಚ್ಛಗಳನ್ನು) ಕೂಡಿಸಿ ನೋಡೋಣವೆಂದರು. ಕೂಡಿಸಿದ ಮೇಲೆ ಅದು ಚಲನಚಿತ್ರದ ಹಿನ್ನೆಲೆ ಸಂಗೀತದಂತೆ ಕೇಳಿಸತೊಡಗಿತು, ಅಲ್ಲಿಗೇ ಕೈಬಿಟ್ಟೆವು. ಕೊನೆಗೆ ದಾರಿ ತೋರಿಸಿದ್ದು ದೀಕ್ಷಿತರ ಮಧ್ಯಮಕಾಲ ಸಾಹಿತ್ಯ, ಅಂದರೆ ಕೃತಿಯಲ್ಲಿ ಇಮ್ಮಡಿ ವೇಗದಲ್ಲಿ ಬರುವ ಸಾಲುಗಳು. ವಿಲಂಬದ ಭಾಗವನ್ನೆಲ್ಲ ಎರಡು ವೀಣೆ, ನಾಲ್ಕು ಪಿಟೀಲುಗಳಿಗೆ ಬಿಟ್ಟು, ಕ್ಲಾರಿನೆಟ್ಟುಗಳು ಮಂದ್ರದಲ್ಲಿ ನ್ಯಾಸಸ್ವರಗಳನ್ನಷ್ಟೇ (ಸಂಚಾರ ಬಂದು ನಿಲ್ಲುವ ಸ್ವರಗಳನ್ನಷ್ಟೇ) ಹಿಡಿದು ನಿಲ್ಲುವಂತೆ ಮಾಡಿ, ಮಧ್ಯಮಕಾಲಕ್ಕೆ ಬಂದಾಗ ಇಡೀ ವೃಂದವನ್ನು ಒಮ್ಮೆಗೇ ಒಳಗೆ ತಂದೆ. ‘ವಾತಾಪಿ ಗಣಪತಿಂ’ ಚರಣದ ಕೊನೆಯಲ್ಲಿ ‘ಕರಾಂಬುಜ ಪಾಶ ಬೀಜಾಪೂರಂ’ ಎಂದು ಎಲ್ಲ ವಾದ್ಯಗಳೂ ಹೊಮ್ಮಿದಾಗ ಸಭೆ ಅಲ್ಲಿಯೇ ಚಪ್ಪಾಳೆ ತಟ್ಟಿತು. ಕ್ಲಾರಿನೆಟ್ಟಿನವರಿಗೆ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ನಾನು ಗುರುತಿಸಿಕೊಟ್ಟ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ವೃಂದದ ಸ್ವತ್ತು.

ಶ್ರುತಿಯನ್ನು ನಾಲ್ಕು ಮನೆಗೆ (ಪಾಶ್ಚಾತ್ಯರ ಎಫ್ ಸ್ವರಕ್ಕೆ) ನಿಲ್ಲಿಸಿದೆವು. ವೀಣೆಗೆ ಅದು ಭಾರವಾಗಲಿಲ್ಲ, ಬರೆದ ಸ್ವರಕ್ಕಿಂತ ಒಂದು ಸ್ವರ ಕೆಳಗೆ ನುಡಿಯುವ ಬಿ-ಫ್ಲ್ಯಾಟ್ ಕ್ಲಾರಿನೆಟ್ಟಿನವರ ಬೆರಳಿಗೂ ಅದು ಜಿ ಮೇಜರ್ ಆಗಿ ಸುಲಭವಾಯಿತು. ಆದರೆ ಊದುತ್ತ ಬಿಸಿಯಾದಂತೆ ಆ ವಾದ್ಯದ ಶ್ರುತಿ ಮೇಲೇರುತ್ತದೆ. ಆದ್ದರಿಂದ ಅವರು ಹತ್ತು ನಿಮಿಷ ಊದಿದ ಬಳಿಕವೇ ಶ್ರುತಿಪೆಟ್ಟಿಗೆಯನ್ನು ಅವರಿಗೆ ಹೊಂದಿಸಿ, ಉಳಿದವರು ಅದಕ್ಕೆ ತಂತಿ ಸೇರಿಸುವುದೆಂದು ಗೊತ್ತುಮಾಡಿದೆ. ತಂತಿಯಂತೆ ಶ್ರುತಿ ಬದಲಿಸಲಾಗದ ಕೊಳಲಿನವರ ಗೊಣಗಾಟ ಕೊನೆಯವರೆಗೂ ನಿಲ್ಲಲಿಲ್ಲ. ನಾಟಕ ಕಂಪನಿಯ ಹಳೆಯ ಕಾಲುಹಾರ್ಮೋನಿಯಂ ಒಂದನ್ನೂ ತರಿಸಿ ನೋಡಿದೆ. ಅದರ ಗಾಂಧಾರವು (ಗ ಸ್ವರ) ವೀಣೆಯ ಗಾಂಧಾರದೊಂದಿಗೆ ಜಗಳವಾಡಿದ್ದರಿಂದ ಷಡ್ಜ-ಪಂಚಮಕ್ಕೆ (ಸ, ಪ) ಮಾತ್ರ ಉಳಿಸಿಕೊಂಡೆ.

ಕಲ್ಯಾಣ ಮಂಟಪದ ಪ್ರತಿಧ್ವನಿಗೆ ಮೊದಲು ಮೆಕ್ಕೆಜೋಳದ ಖಾಲಿ ಗೋಣಿಚೀಲಗಳನ್ನು ಹಿಂದಿನ ಗೋಡೆಗೆ ಕಟ್ಟಿಸಿದೆ. ಧ್ವನಿ ತಕ್ಕಮಟ್ಟಿಗೆ ತಗ್ಗಿತಾದರೂ ದೂಳಿಗೆ ಊದುವವರೆಲ್ಲ ಕೆಮ್ಮಿದರು. ಜಮಖಾನೆಗಳನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದ ಮೇಲೆ ಮೃದಂಗದ ಗುಮ್ಕಿ (ಎಡಮುಖದ ತೇಲುವ ನಾದ) ಬಿಡಿಯಾಗಿ ಕೇಳಿಸಿತು. ತಲೆಗೊಂದರಂತೆ ಮೈಕ್ ಕೊಡುವ ಯೋಚನೆಯನ್ನೂ ಬಿಟ್ಟು, ವೀಣೆಗಳಿಗೆ ಪ್ರತ್ಯೇಕವಾಗಿ, ಉಳಿದ ಸಾಲುಗಳಿಗೆ ಒಂದೊಂದರಂತೆ ಇರಿಸಿದೆವು. ಕ್ಲಾರಿನೆಟ್ಟಿನ ಸಾಲಿಗೆ ಮೈಕೇ ಬೇಕಾಗಲಿಲ್ಲ.

ಯಮುನಾಕಲ್ಯಾಣಿ ರಾಗದ ‘ಜಂಬೂಪತೇ’ ಮಾತ್ರ ಪ್ರತಿ ಅಭ್ಯಾಸದಲ್ಲೂ ಓಟ ಹಿಡಿಯುತ್ತಿತ್ತು. ಮೃದಂಗವನ್ನು ಹೊರಗಿಟ್ಟು, ಕೈಯಲ್ಲಿ ತಾಳ ಹಾಕುತ್ತಲೇ ಮೂರು ವಾರ ನುಡಿಸಿದ ಬಳಿಕ ಅದು ತನ್ನ ನಡೆಗೆ ಬಂದಿತು. ಬರುವ ಆಷಾಢಕ್ಕೆ ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ನುಡಿಸುವ ಮಾತುಕತೆ ನಡೆದಿದೆ. ಕ್ಲಾರಿನೆಟ್ಟಿನವರು ಈಗಾಗಲೇ 3,000 ಕೇಳುತ್ತಿದ್ದಾರೆ.